ನಲವತ್ತು ಕುರ್ಚಿಗಳ ಲೆಕ್ಕ

ಶುಕ್ರವಾರ ಸಂಜೆಗೇ ಬೀಗದ ಕೈ ನನ್ನ ಸೊಂಟಕ್ಕೆ.
ಮೊಂತೆವಿದೆಯೊ ಪಟ್ಟಣದ ಪಲೆರ್ಮೊ ಕೇರಿಯಲ್ಲಿ
ಯಾರು ಹುಟ್ಟಿದರೂ, ಯಾರು ಹಾಡಿದರೂ,
ಯಾರು ಯಾರ ಮೇಲೆ ಪಂಚಾಯ್ತಿಗೆ ಕೂತರೂ
ಕುರ್ಚಿ ಮಾತ್ರ ನನ್ನವೇ.
ಅಂದರೆ, ಕುರ್ಚಿ ಸಂಘದವು. ಬೈಗುಳ ನನ್ನವು.

ಮೂವತ್ತೊಂಬತ್ತು ಪ್ಲಾಸ್ಟಿಕ್ಕಿನವು, ಬಿಳಿ,
ಒಂದರ ಮಡಿಲಲ್ಲೊಂದು ಕೂರುವ ಸಾಧುಗಳು.
ಒಂದು ಮರದ್ದು.
ಅದರ ಬೆನ್ನಿಗೆ ಯಾರೋ ಮೊಳೆಯಲ್ಲಿ ಗೀರಿದ ಅರ್ಧ ಹೆಸರು: ದೊರಿ.
ದೊರಿಲಾ? ದೊರಿತಾ?
ಕೇಳಿದರೆ ಕೇರಿಯ ಮುದುಕರೆಲ್ಲ
ಮೋಡ ನೋಡತೊಡಗುತ್ತಾರೆ.

ಶನಿವಾರ ಬೆಳಿಗ್ಗೆ ಹನ್ನೆರಡು ಹೊರಟವು ಚದುರಂಗಕ್ಕೆ.
ಮಕ್ಕಳು ಕುರ್ಚಿಯಲ್ಲಿ ಕೂರುವುದಿಲ್ಲ, ಮಂಡಿಯೂರುತ್ತಾರೆ.
ರಾಣಿ ಕಳೆದುಕೊಂಡ ಹುಡುಗಿ ಒದ್ದದ್ದು ಎದುರಾಳಿಯನ್ನಲ್ಲ,
ಏಳನೇ ನಂಬರಿನ ಕುರ್ಚಿಯನ್ನು.

ಮಧ್ಯಾಹ್ನ ನಿಬಿಯಾ ಅಜ್ಜಿಯ ತೊಂಬತ್ತಕ್ಕೆ ಇಪ್ಪತ್ತು.
ಸೋರೆಬುರುಡೆಯ ಕಹಿ ಚಹಾ,
ಹೀರುವ ಕೊಳವೆ ಒಂದು, ತುಟಿ ಇಪ್ಪತ್ತು;
ಎಂಜಲೆಂಬ ಮಾತೇ ಇಲ್ಲದೆ ಸುತ್ತು ಬಂತು.
ಅಜ್ಜಿ ಮೇಣದಬತ್ತಿ ಊದಲಿಲ್ಲ.
'ಉರಿಯಲಿ ಬಿಡಿ, ದುಡ್ಡು ಕೊಟ್ಟಿದ್ದೇವೆ' ಅಂದಳು.

ರಾತ್ರಿ ಕಟುಕನ ಗೋಡೆಗೆ ಬೆಡ್‌ಶೀಟು ಕಟ್ಟಿ ಸಿನಿಮಾ.
ಹೊಳೆಯೋ ಕಡಲೋ ಇನ್ನೂ ಇತ್ಯರ್ಥವಾಗದ ಆ ನೀರಿನ ಕಡೆಯಿಂದ
ಗಾಳಿ ನುಗ್ಗಿ ಬಟ್ಟೆ ಉಬ್ಬಿ
ನಾಯಕನಿಗೆ ಆರು ತಿಂಗಳು.
ಅಳಬೇಕಾದ ಕಡೆ ಕೇರಿಯೆಲ್ಲ ನಕ್ಕಿತು.
ಹಿಂತಿರುಗಿದವು: ನಲವತ್ತು. ಎಣಿಸಿದೆ, ಎರಡು ಸಲ.

ಭಾನುವಾರ ಡೋಲು.

ಚಿಕೊ, ರೆಪೀಕೆ, ಪಿಯಾನೊ.
ಪಿಯಾನೊ ಅಂದರೆ ಕರಿಬಿಳಿ ಹಲ್ಲಿನದಲ್ಲ,
ಹೆಗಲಿಂದ ಇಳಿಬಿಟ್ಟ ದೊಡ್ಡ ಹೊಟ್ಟೆಯದು,
ಮೂವರಲ್ಲಿ ಕಡಿಮೆ ಮಾತಿನದು.
ಹಡಗಿನ ತಳದಲ್ಲಿ ಬಂದವರ ಮರಿಮಕ್ಕಳ ಮರಿಮಕ್ಕಳು
ರಸ್ತೆಯಂಚಿಗೆ ಬೆಂಕಿ ಹಾಕಿ
ಡೋಲಿನ ಮುಖಗಳನ್ನು ಅದರತ್ತ ತಿರುಗಿಸಿಟ್ಟರು.
ಕಾಯದ ಚರ್ಮ ಸುಳ್ಳು ಹೇಳುತ್ತದೆ.

ಆದರೆ ಜುಲೈ. ಎರಡು ದಿನದ ಜಿನುಗು.
ಹಣ್ಣಿನ ಪೆಟ್ಟಿಗೆಗಳು ಒದ್ದೆ, ರಟ್ಟು ಒದ್ದೆ,
ಮೌರೊ ಊದಿ ಊದಿ ಕಣ್ಣು ಕೆಂಡ,
ಒಲೆ ಮಾತ್ರ ಹೊಗೆ.
ಡೋಲು ಬಡಿದರೆ ಹಿಟ್ಟಿನ ಮೂಟೆ ಬಡಿದ ಸದ್ದು.

ಪಕ್ಕದಲ್ಲೇ ಕೂತಿದ್ದ ಎಲ್ಬಿಯೊ.
ನಲವತ್ತು ವರ್ಷ ಪಿಯಾನೊ ಹೊತ್ತವನು,
ಈಗ ಮಂಡಿ ಹೋಗಿ, ಪ್ರತಿ ಭಾನುವಾರ
ಆ ಮರದ ಕುರ್ಚಿಯೇ ಬೇಕು ಅವನಿಗೆ.
ಎದ್ದ.
ಕುರ್ಚಿಯನ್ನು ಬೋರಲು ಮಾಡಿದ.
ಕಲ್ಲಂಚಿಗೆ ಹೊಡೆದು ಒಂದೊಂದೇ ಕಾಲು ಮುರಿದ,
ಕಡಲೆ ಸುಲಿದಷ್ಟು ನಿಧಾನ.

ಕೇಕಿನ ಕಲೆಗೆ ಕೇರಿ ಕೇಳುವಂತೆ ಕೂಗುವ ನಾನು
ಬಾಯಿ ತೆರೆದೆ.
ಮುಚ್ಚಿದೆ.

ಕಾಲುಗಳು ಹೋದವು, ಪೀಠ ಹೋಯಿತು.
ಬೆನ್ನಿನ ಹಲಗೆಯನ್ನು ಕೊನೆಗೆ ಉಳಿಸಿಕೊಂಡು
ಹೆಬ್ಬೆರಳಲ್ಲಿ ಒಮ್ಮೆ ಸವರಿದ,
ಮಸಿ ಒರೆಸುವವನ ಹಾಗೆ.
'ದ' ಮೊದಲು ಹತ್ತಿತು.

ಆಮೇಲೆ ಏನು ಹೇಳಲಿ.
ಚರ್ಮ ಬಿಗಿಯಿತು. ಮೌರೊ ಬೆರಳು ಮುಟ್ಟಿಸಿ ನೋಡಿ ತಲೆ ಹಾಕಿದ.
ಅರವತ್ತು ಡೋಲು ಒಟ್ಟಿಗೆ ಎದ್ದು
ಕಿಟಕಿಗಳ ಗಾಜನ್ನು, ಬಾಲ್ಕನಿಯ ಒಗೆದ ಬಟ್ಟೆಯನ್ನು,
ನನ್ನ ಸೊಂಟದ ಬೀಗದ ಕೈಯನ್ನು
ನಡುಗಿಸುತ್ತ ಹೊರಟವು.
ನಾನೊಂದು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು
ಎಲ್ಬಿಯೊನ ಹಿಂದೆಯೇ ನಡೆದೆ.
ಮೂರು ಬೀದಿ. ಮುದುಕ ಕೂರಲಿಲ್ಲ.

ರಾತ್ರಿ ಪುಸ್ತಕ ತೆರೆದೆ.
ಹೋದದ್ದು: ನಲವತ್ತು. ಬಂದದ್ದು: ಮೂವತ್ತೊಂಬತ್ತು.
'ಮುರಿದಿದೆ' ಎಂದು ಬರೆದೆ, ಹೊಡೆದುಹಾಕಿದೆ.
'ಕಳವು' ಎಂದರೆ ಪಾಪ ಸುತ್ತಿಕೊಳ್ಳುತ್ತದೆ.
ಕಾರಣದ ಕಾಲಮ್ಮಿನಲ್ಲಿ ಕೊನೆಗೆ ಬರೆದದ್ದು:
ಮರದ್ದು ಒಂದು, ಸದ್ದಿಗೆ ಹೋಯಿತು.

ಸೋಮವಾರ ಖಜಾಂಚಿ ಬಂದು ಓದಿ
ಕನ್ನಡಕ ತೆಗೆದು ಮತ್ತೆ ಓದಿ
ಸಹಿ ಹಾಕಿದ.
ಗುರುವಾರ ಚರಂಡಿಯ ಬಗ್ಗೆ ಸಭೆಯಂತೆ,
ಹದಿನೈದು ಕುರ್ಚಿ ಬೇಕಂತೆ.